ಕೆಳಗಿನ ಒಂದು ಗೇಣು

ನಮ್ಮಪ್ಪ ಅಮರೇಶಪ್ಪ ಹೈದರಾಬಾದಿನ ಬಾಲಾನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಗ್ರೈಂಡಿಂಗ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದ. ಉಕ್ಕಿನ ತುಂಡನ್ನು ಅಳತೆಗೆ ಸರಿಯಾಗಿ ತೀಡಿ ಕೊಡುವ ಕೆಲಸ. ಒಂದು ಕೂದಲೆಳೆಯಷ್ಟು ಹೆಚ್ಚು ತೀಡಿದರೂ ತುಂಡು ಗುಜರಿಗೆ ಹೋಗುತ್ತದೆ ಎಂದು ಹೆಮ್ಮೆಯಿಂದ ಹೇಳುತ್ತಿದ್ದ. ಕೂದಲೆಳೆಯ ಲೆಕ್ಕ ಅಷ್ಟು ಬಲ್ಲ ಮನುಷ್ಯನಿಗೆ ಕೂದಲು ಕತ್ತರಿಸುವುದು ಮಾತ್ರ ಕೊನೆಯವರೆಗೂ ಬರಲಿಲ್ಲ. ಬರುವುದಿಲ್ಲ ಎಂದು ಒಪ್ಪಿಕೊಳ್ಳುವ ಜಾಯಮಾನವೂ ಅವನದಲ್ಲ. ವಾರವೆಲ್ಲ ಉಕ್ಕು ತೀಡುವವನಿಗೆ ಮಕ್ಕಳ ತಲೆ ಯಾವ ಲೆಕ್ಕ ಎನ್ನುತ್ತಿದ್ದ.

ಭಾನುವಾರ ಬೆಳಿಗ್ಗೆ ನಮ್ಮ ಬಾಡಿಗೆ ಮನೆಯ ಹಿತ್ತಿಲಲ್ಲಿ ಸ್ಟೂಲು ಬೀಳುತ್ತಿತ್ತು. ನನ್ನ ತಮ್ಮ ವೀರಭದ್ರ, ನಮಗೆಲ್ಲ ವೀರೂ, ಕುತ್ತಿಗೆಗೆ ಹಳೇ ಧೋತರ ಕಟ್ಟಿಸಿಕೊಂಡು ಜಾತ್ರೆಗೆ ತಂದ ಕುರಿಯ ಹಾಗೆ ಕೂಡುತ್ತಿದ್ದ. ಅಪ್ಪ ಮೊದಲು ಅವನ ಹಣೆಗೆ ಸ್ಟೀಲಿನ ಸ್ಕೇಲು ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವನು. “ಎಡಕ ಎರಡು ನೂಲು ಹೆಚ್ಚೈತಿ” ಎಂದು ಎಡಗಡೆ ಕತ್ತರಿಸಿದರೆ ಬಲಗಡೆ ಹೆಚ್ಚಾಗುವುದು. ಬಲಗಡೆ ಕತ್ತರಿಸಿದರೆ ಮತ್ತೆ ಎಡಗಡೆ. ಬೆಕ್ಕುಗಳಿಗೆ ಬೆಣ್ಣೆ ಹಂಚಿದ ಕೋತಿಯ ನ್ಯಾಯ. ಮುಗಿಯುವ ಹೊತ್ತಿಗೆ ವೀರೂನ ಹಣೆ ನೆತ್ತಿಯವರೆಗೆ ಏರಿರುತ್ತಿತ್ತು. ಓಣಿಯ ಹುಡುಗರು ಅವನನ್ನು ನೋಡಿ “ಕಟೋರಾ ಕಟಿಂಗ್”, ಬಟ್ಟಲು ಕಟಿಂಗ್, ಎಂದು ಕೂಗುತ್ತಿದ್ದರು, ಅವನು ಎರಡು ದಿನ ಮನೆಯೊಳಗೂ ಟೊಪ್ಪಿಗೆ ಹಾಕಿಕೊಂಡು ತಿರುಗುತ್ತಿದ್ದ.

ಅವ್ವ ಬಸಲಿಂಗಮ್ಮ ಹೊಸ್ತಿಲಲ್ಲಿ ಕೂತು ಅಕ್ಕಿ ಹಸನು ಮಾಡುತ್ತ ಇದನ್ನೆಲ್ಲ ನೋಡಿ ನಗುವಳು. “ಹುಡುಗನ ತಲಿರೀ ಅದು, ನಿಮ್ಮ ಫ್ಯಾಕ್ಟರಿ ತುಂಡಲ್ಲ.”

“ಫ್ಯಾಕ್ಟರಿ ತುಂಡಾಗಿದ್ರ ಅಂಜಬೇಕಿತ್ತು,” ಎನ್ನುವನು ಅಪ್ಪ. “ಕಬ್ಬಿಣ ಕಡದ್ರ ತಿರಗಿ ಬರೂದಿಲ್ಲ. ಕೂದ್ಲ ಬರತಾವ.”

ಇದು ಅವನ ಮಾತು. ಪ್ರತಿ ಸಲ ಕೆಟ್ಟಾಗಲೂ ಅದನ್ನೇ ಹೇಳಿ, ಕತ್ತರಿ ಒರೆಸಿ, ವೀರೂನ ಕುತ್ತಿಗೆಗೆ ಪೌಡರು ಬಡಿದು ಏಳಿಸುತ್ತಿದ್ದ.

ಮನೆಯಲ್ಲಿ ಅವನ ಕತ್ತರಿ ಮುಟ್ಟಬಾರದ ತಲೆ ಒಂದಿತ್ತು. ಎಲ್ಲರಿಗಿಂತ ಚಿಕ್ಕವನು ಸೂಗೂರೇಶ, ನಮ್ಮ ಸೂಗು. ಹುಟ್ಟಿದಾಗ ಅವನು ಅಳಲಿಲ್ಲವಂತೆ. ದಾಯಮ್ಮ ತಲೆಕೆಳಗು ಹಿಡಿದು ಬೆನ್ನು ತಟ್ಟುತ್ತಿದ್ದಾಗ ಅವ್ವ ಮಲಗಿದಲ್ಲಿಂದಲೇ ನಮ್ಮ ಮನೆದೇವರು ದೇವಸೂಗೂರಿನ ಸೂಗೂರಪ್ಪನಿಗೆ ಹರಕೆ ಹೊತ್ತಳು. ಹುಡುಗ ಉಳಿದರೆ ಅವನ ಹುಟ್ಟುಗೂದಲಿಗೆ ಮನೆಯ ಕತ್ತರಿ ತಾಗಿಸುವುದಿಲ್ಲ, ತನ್ನ ತಮ್ಮನ ತೊಡೆಯ ಮೇಲೆ ಕೂಡಿಸಿ ಜಾವಳ ತೆಗೆಸುತ್ತೇನೆ ಎಂದು. ಸೋದರಮಾವನೇ ಮೊದಲ ಕತ್ತರಿ ಹಾಕುವುದು ನಮ್ಮಲ್ಲಿ ಎಲ್ಲರ ಮನೆಯ ಪದ್ಧತಿ. ಆದರೆ ಅವ್ವನಿಗೆ ಅದು ಬರೀ ಪದ್ಧತಿಯಾಗಿರಲಿಲ್ಲ. ಅವಳ ತಮ್ಮ ಚನ್ನಬಸಪ್ಪ ಮೊಲೆಹಾಲು ಬಿಡುವ ಮೊದಲೇ ತಾಯಿಯನ್ನು ಕಳೆದುಕೊಂಡವನು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವ್ವ. ಮದುವೆಯಾಗಿ ಹೈದರಾಬಾದಿಗೆ ಬಂದ ಮೇಲೂ ಹಬ್ಬಕ್ಕೆ ಬಂದ ಅವನನ್ನು ಎದುರಿಗೆ ಕೂಡಿಸಿಕೊಂಡು, ರೈಲ್ವೆಯ ನೌಕರನೆಂಬುದನ್ನೂ ನೋಡದೆ, ತಲೆಗೆ ಎಣ್ಣೆ ಒತ್ತಿ ಬಾಚುತ್ತಿದ್ದಳು.

ಮೊದಲ ವರ್ಷ ಮಾಮನಿಗೆ ರಜೆ ಸಿಗಲಿಲ್ಲ. ಜಾವಳಕ್ಕೆ ಬೆಸ ವರ್ಷ ಆಗಬೇಕು. ಮೂರಕ್ಕೆ ಮಾಡಿದರಾಯಿತು ಎಂದರು. ಅವ್ವ ಸೂಗೂನ ಕೂದಲಿಗೆ ದಿನಾ ಹರಳೆಣ್ಣೆ ಹಚ್ಚಿ, ಬಾಚಿ, ಇಲಿಯ ಬಾಲದಂಥ ಒಂದು ಜಡೆ ಹೆಣೆದು ಕೆಂಪು ರಿಬ್ಬನ್ನು ಕಟ್ಟುತ್ತಿದ್ದಳು.

ಮೂರು ತುಂಬುವ ಮೊದಲೇ ಅವ್ವ ಹೋದಳು. ಕಾಮಾಲೆ. ಹಾಸಿಗೆ ಹಿಡಿದ ವಾರದೊಳಗೆ ಎಲ್ಲ ಮುಗಿಯಿತು.

ಆ ದಿನದ ಒಂದು ಸಂಗತಿಯಿಂದಲೇ ಮುಂದಿನದೆಲ್ಲ ಹುಟ್ಟಿತು. ನಮ್ಮಲ್ಲಿ ಹೆಣ್ಣುಮಗಳು ತೀರಿಕೊಂಡರೆ ತವರಿನವರು ತಂದ ಸೀರೆಯನ್ನು ಉಡಿಸಿ, ಅವರಿಗೆ ಮುಖ ತೋರಿಸಿ, ಆಮೇಲೆ ಮಣ್ಣು ಕೊಡುತ್ತಾರೆ. ಮಾಮ ಆಗ ರಾಯಚೂರು ಸ್ಟೇಷನ್ನಿನಲ್ಲಿದ್ದ. ತಂತಿ ಸುದ್ದಿ ಮುಟ್ಟಿ, ಗಾಡಿ ಹತ್ತಿ ಬರುತ್ತಿದ್ದ. ಇತ್ತ ಹೊತ್ತು ಇಳಿಯುತ್ತಿತ್ತು. ಮನೆಗೆ ಬಂದಿದ್ದ ಹಿರಿಯರು, ಬೆಳಕಿರುವಾಗಲೇ ಮಣ್ಣಾಗಬೇಕು, ಹುಡುಗ ಯಾವ ಗಾಡಿಗೆ ಬರುತ್ತಾನೋ ಏನೋ ಎಂದರು. ಅಪ್ಪ ಹೂಂ ಅಂದ. ಮೂರು ಮಕ್ಕಳನ್ನು ಎದುರಿಗಿಟ್ಟುಕೊಂಡು ಕೂತ ಮನುಷ್ಯ ಆ ದಿನ ಯಾರು ಏನು ಹೇಳಿದ್ದರೂ ಹೂಂ ಅನ್ನುತ್ತಿದ್ದ. ಅಂಗಡಿಯಿಂದ ತರಿಸಿದ ಸೀರೆ ಉಡಿಸಿ ಅವ್ವನನ್ನು ಹೊತ್ತೊಯ್ದರು.

ಅವರೆಲ್ಲ ಕೈಕಾಲು ತೊಳೆಯುತ್ತಿದ್ದಾಗ ಮಾಮ ಬಂದ. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಹಸಿರು ಇಳಕಲ್ ಸೀರೆ ಇತ್ತು. ಒದ್ದೆ ಅಂಗಳ ನೋಡಿದ, ಅಪ್ಪನ ಮುಖ ನೋಡಿದ.

“ನಮ್ಮಕ್ಕನ ಮಾರಿ ನನಗ ತೋರಸಲಿಲ್ಲ ನೀವು,” ಎಂದ. “ಈ ಹೊಸ್ತಿಲ ಇನ್ನ ನಂದಲ್ಲ.” ಸೀರೆಯನ್ನು ಎದೆಗೆ ಅವಚಿಕೊಂಡು ಬಂದ ದಾರಿ ಹಿಡಿದ. ನಾನು ಓಣಿಯ ಕೊನೆಯವರೆಗೆ ಅವನ ಹಿಂದೆ ಓಡಿದೆ. ಅವನು ತಿರುಗಿ ನೋಡಲಿಲ್ಲ. ಅವನ ಮೇಲೆ ನನಗೆ ಬಂದ ಸಿಟ್ಟು ಬಹಳ ವರ್ಷ ಹಸಿಯಾಗಿಯೇ ಇತ್ತು.

ಹೀಗೆ ಸೂಗೂನ ಕೂದಲು ಉಳಿಯಿತು. ಮಾಮ ಬರುವುದಿಲ್ಲ, ಮಾಮನಿಲ್ಲದೆ ಕತ್ತರಿ ಹಾಕುವಂತಿಲ್ಲ. ಅಪ್ಪ ಎಲ್ಲಿಂದಲೋ ಜಡೆ ಹೆಣೆಯುವುದನ್ನು ಕಲಿತ. ತಂತಿಹಗ್ಗ ಹೊಸೆದಂತೆ ಬಿಗಿಯಾಗಿ ಹೆಣೆಯುತ್ತಿದ್ದ, ಸೂಗೂನ ಹುಬ್ಬು ಮೇಲಕ್ಕೆ ಎಳೆದುಕೊಂಡು ಅವನು ದಿನವಿಡೀ ಆಶ್ಚರ್ಯಪಟ್ಟವನಂತೆ ಕಾಣುತ್ತಿದ್ದ. ಮನೆಯ ಹಿರಿಮಗಳು ನಾನು, ನಾನು ಹೆಣೆಯುತ್ತೇನೆ ಎಂದರೂ ಕೊಡುತ್ತಿರಲಿಲ್ಲ. “ನೀ ಜಗ್ಗತೀ, ತುದಿ ಹರಿತಾವ,” ಎನ್ನುತ್ತಿದ್ದ. ತಾನು ಬುಡ ಜಗ್ಗುವುದು ಅವನ ಲೆಕ್ಕಕ್ಕೆ ಇರಲಿಲ್ಲ, ತುದಿಗೆ ಮಾತ್ರ ಏನೂ ಆಗಬಾರದು.

ಭಾನುವಾರದ ಸ್ಟೂಲು ನಿಲ್ಲಲಿಲ್ಲ. ವೀರೂ ಇಳಿದ ಮೇಲೆ ಸೂಗು ತಾನೂ ಹತ್ತಿ ಕೂಡುತ್ತಿದ್ದ. ಬೇಡವೆಂದರೆ ಅಳು. ಅದಕ್ಕೆ ಅಪ್ಪ ಒಂದು ಉಪಾಯ ಮಾಡಿದ. ಅವನಿಗೂ ಧೋತರ ಕಟ್ಟಿ, ಕಿವಿಯ ಹತ್ತಿರ ಗಾಳಿಯಲ್ಲಿ ಕತ್ತರಿ ಕಚಕಚ ಆಡಿಸುವನು. “ತಲಿ ಕೆಳಗ ಮಾಡು. ಹಾಂ, ಅಲ್ಲಾಡಬ್ಯಾಡ.” ಹಣೆಗೆ ಸ್ಕೇಲು ಹಿಡಿಯುವನು. ವೀರೂನ ಕೂದಲಲ್ಲಿ ಒಂದಿಷ್ಟನ್ನು ಎತ್ತಿ ಸೂಗೂನ ತೊಡೆಯ ಮೇಲೆ ಉದುರಿಸುವನು. ಕೊನೆಗೆ ಕುತ್ತಿಗೆಗೆ ಪೌಡರು ಬಡಿದು ಕನ್ನಡಿ ತೋರಿಸಿದರೆ ಸೂಗು ಗಂಭೀರವಾಗಿ ತಲೆ ಅತ್ತಿತ್ತ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಇದಕ್ಕೆ ನಾನೂ ವೀರೂನೂ ಸುಳ್ಳು ಕಟಿಂಗು ಎಂದು ಹೆಸರಿಟ್ಟಿದ್ದೆವು. ನಮ್ಮಪ್ಪ ಚೆನ್ನಾಗಿ ಮಾಡುತ್ತಿದ್ದ ಕಟಿಂಗು ಅದೊಂದೇ.

ಸುಳ್ಳು ಎಷ್ಟು ದಿನ ನಡೆದೀತು? ಸೂಗು ಶಾಲೆಗೆ ಸೇರಿದ. ಮೊಕ್ಕು, ಅಂದರೆ ಹರಕೆ, ಎಂದು ಹೇಳಿದ್ದರಿಂದ ತೆಲುಗು ಟೀಚರು ಏನೂ ಅನ್ನಲಿಲ್ಲ. ಹುಡುಗರು ಬಿಟ್ಟಾರೆಯೇ? ಅವನನ್ನು ಹುಡುಗಿಯರ ಸಾಲಿಗೆ ನೂಕುವರು, ಜಡೆ ಹಿಡಿದು ಗಾಡಿ ಹೊಡೆಯುವರು. ಒಂದು ಭಾನುವಾರ ಅಪ್ಪ ಗಾಳಿಯಲ್ಲಿ ಕತ್ತರಿ ಆಡಿಸುತ್ತಿದ್ದಾಗ ಸೂಗು ಕುತ್ತಿಗೆ ಬಗ್ಗಿಸಿಕೊಂಡೇ, “ಅಪ್ಪಾ, ಖರೇನ ಕಡಿ,” ಎಂದ. ಅಪ್ಪನ ಕೈ ನಿಂತಿತು. ಆಮೇಲೆ ಮತ್ತೆ ಕಚಕಚ ಶುರುವಾಯಿತು. ಸೂಗು ಕನ್ನಡಿ ನೋಡದೆ ಎದ್ದು ಹೋದ, ಮತ್ತೆಂದೂ ಆ ಸ್ಟೂಲಿನ ಮೇಲೆ ಕೂಡಲಿಲ್ಲ.

ಅಷ್ಟರಲ್ಲಿ ಮಾಮನಿಗೆ ಲಿಂಗಂಪಲ್ಲಿಗೆ ವರ್ಗವಾಗಿದೆ ಎಂದು ಊರಿನವರಿಂದ ಗೊತ್ತಾಯಿತು. ಬಾಲಾನಗರದಿಂದ ಬಸ್ಸು ಹತ್ತಿದರೆ ಒಂದು ನಿದ್ದೆ ಆಗುವುದರೊಳಗೆ ಮುಟ್ಟುವ ಜಾಗ. ಅಪ್ಪ ಬಲ್ಲವರ ಕೈಯಲ್ಲಿ ಹೇಳಿ ಕಳಿಸಿದ. ಉತ್ತರ ಬರಲಿಲ್ಲ. ಮತ್ತೊಮ್ಮೆ ಹೇಳಿ ಕಳಿಸಿದ, ಆಗಲೂ ಬರಲಿಲ್ಲ. ರಾಯಚೂರಿನಲ್ಲಿದ್ದಾಗ ದೂರವೆಂದಾದರೂ ಅನ್ನಬಹುದಿತ್ತು.

ಸೂಗೂಗೆ ಆರು ತುಂಬಿದ ವರ್ಷದ ಬೇಸಿಗೆಯಲ್ಲಿ ಅವನ ತಲೆಯಲ್ಲಿ ಹೇನು ತುಂಬಿತು. ಕೆರೆದು ಕೆರೆದು ಹುಣ್ಣಾಯಿತು, ಹುಣ್ಣು ಕೀವಾಯಿತು, ರಾತ್ರಿ ದಿಂಬಿಗೆ ಅಂಟಿಕೊಳ್ಳತೊಡಗಿತು. ದವಾಖಾನೆಯ ಕಾಂಪೌಂಡರ್ ಸಾಹೇಬರು ಜಡೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, “ಪೈಲೇ ಬಾಲಾಂ ನಿಕಾಲೋ ಮಿಯಾಂ, ಬಾದ್ ಮೇಂ ದವಾ,” ಎಂದರು. ಮೊದಲು ಕೂದಲು ಹೋಗಬೇಕು, ಆಮೇಲೆಯೇ ಔಷಧಿ.

ಆ ಭಾನುವಾರ ಅಪ್ಪ ಬೇಗ ಎದ್ದು ಸ್ನಾನ ಮಾಡಿ, ವಿಭೂತಿ ಹಚ್ಚಿ, ಸೂಗೂರಪ್ಪನ ಪಟದ ಮುಂದೆ ದೀಪ ಹಚ್ಚಿದ. ತಪ್ಪಾಯಿತು ಎಂದು ಗಲ್ಲಕ್ಕೆ ಬಡಿದುಕೊಂಡ. ಸ್ಟೂಲು ಹಾಕಿ ಸೂಗೂನನ್ನು ಎತ್ತಿ ಕೂಡಿಸಿದ. “ಖರೇನs?” ಎಂದು ಸೂಗು ಕೇಳಿದ. “ಖರೇನ,” ಎಂದ ಅಪ್ಪ.

ಜಡೆ ಬಿಚ್ಚಿದ. ಕೂದಲು ಸ್ಟೂಲಿನವರೆಗೆ ಇಳಿಯಿತು. ತುದಿಯನ್ನು ಕೈಯಲ್ಲಿ ಹಿಡಿದು ಕತ್ತರಿ ತೆರೆದ. ತೆರೆದ ಕತ್ತರಿ ಹಾಗೆಯೇ ನಿಂತಿತು. ಹಿಡಿದ ಜಾಗ ಬದಲಿಸಿದ, ಮೇಲೆ ಹಿಡಿದ, ಮತ್ತೆ ಕೆಳಗೆ ಬಂದ. ನಾನು ಒಲೆಯ ಮೇಲೆ ನೀರು ಕಾಯಿಸಿಟ್ಟು, ಸೋಪು ಹಿಡಿದು ಕಾಯುತ್ತ ನಿಂತಿದ್ದೆ. ನೀರು ಆರುತ್ತಿತ್ತು. ನನಗೆ ರೇಗಿತು. ನನ್ನ ನಾಲಿಗೆ ಆಗಲೂ ಈಗಿನ ಹಾಗೆಯೇ ಇತ್ತು.

“ಹುಡುಗನ ತಲಿ ಕೊಳತು ಹೊಂಟೈತಿ. ಸೂಗೂರಪ್ಪಗ ಇವನ ಕೂದ್ಲ ಎಣಿಸೂದ ಬಿಟ್ಟು ಬ್ಯಾರೆ ಕೆಲಸ ಇಲ್ಲೇನು? ತಾ ಇಲ್ಲಿ, ನಾ ಕಡಿತೀನಿ,” ಎಂದು ಕತ್ತರಿಗೆ ಕೈ ಹಾಕಿದೆ.

ಅಪ್ಪ ಕತ್ತರಿ ಕೊಡಲಿಲ್ಲ. ನೆಲದ ಮೇಲೆ ಕೂತುಬಿಟ್ಟ. “ದೇವರಿಗೆ ಅಂಜಿಲ್ಲ ಮಗಳ ನಾ,” ಎಂದ.

“ಮತ್ಯಾಕ?”

ಅವನು ಸೂಗೂನ ಕೂದಲಿನ ತುದಿಯನ್ನು ಅಂಗೈ ಮೇಲೆ ಹಾಸಿ, ಪಕ್ಕದಲ್ಲಿ ಇನ್ನೊಂದು ಕೈಯ ಗೇಣು ಇಟ್ಟು ತೋರಿಸಿದ. “ಕೂದ್ಲ ಬುಡದಾಗ ಹೊಸಾದು ಹುಟ್ಟತೈತಿ, ಹಳೇದು ಕೆಳಗ ಸರೀತೈತಿ. ನಿಮ್ಮವ್ವ ಹೋದಾಗ ಇವನ ಕೂದ್ಲ ಒಂದು ಗೇಣಿತ್ತು. ಆ ಗೇಣು ಈಗ ಇಲ್ಲೈತಿ, ಕೆಳಗ. ಇದಿಷ್ಟು ಆಕಿ ಎಣ್ಣಿ ಹಚ್ಚಿ ಬಾಚಿದ್ದು. ಮ್ಯಾಲಿಂದು ನಾ ಬಾಚಿದ್ದು. ನಾ ಎಲ್ಲಿ ಕತ್ತರಿ ಇಟ್ರೂ ಮೊದಲ ಬೀಳೂದು ಆಕಿದು.”

ಅವ್ವನ ಸೀರೆಗಳನ್ನು ಹಂಚಿಬಿಟ್ಟಿದ್ದೆವು. ಅವಳ ಬಾಚುವ ಹಣಿಗೆಯನ್ನು ಹಲ್ಲು ಮುರಿಯಿತೆಂದು ಎಸೆದಿದ್ದೆವು. ಅವಳ ಕೈ ಆಡಿದ್ದು ಏನಾದರೂ ಉಳಿದಿದ್ದರೆ ಅದು ಈ ಹುಡುಗನ ಬೆನ್ನ ಮೇಲೆ ಇತ್ತು, ನಮ್ಮಪ್ಪ ಅದನ್ನು ದಿನಾ ಬೆಳಿಗ್ಗೆ ಬಿಚ್ಚಿ ಹೆಣೆಯುತ್ತಿದ್ದ. ಅಳತೆಯ ಮನುಷ್ಯ. ಎಲ್ಲಿಂದ ಎಲ್ಲಿಯವರೆಗೆ ಎಂಬುದು ಅವನಿಗೆ ಸರಿಯಾಗಿ ಗೊತ್ತಿತ್ತು. ನನಗೆ ಅಳು ಬಂತು, ಸಿಟ್ಟೂ ಹೋಗಲಿಲ್ಲ, ಆದರೆ ಅದು ಈಗ ಅವನ ಮೇಲಿರಲಿಲ್ಲ.

“ಹಂಗಾರ ಮಾಮನs ಕೂದ್ಲ ಕಡೀಲಿ,” ಎಂದೆ. “ಅವ ಬರಾಂಗಿಲ್ಲಂದ್ರ ನಾವ ಹೋಗೂನು. ನಮ್ಮ ಹೊಸ್ತಿಲ ಅವ ಬಿಟ್ಟಾನ, ಅವನ ಹೊಸ್ತಿಲ ನಾವೇನು ಬಿಟ್ಟಿಲ್ಲಲ್ಲ.”

ಕತ್ತರಿ, ಕೂದಲು ತೆಗೆಯುವ ಕೈಮಷೀನು, ಪೌಡರಿನ ಡಬ್ಬಿ ಚೀಲಕ್ಕೆ ಹಾಕಿಕೊಂಡು ನಾಲ್ವರೂ ಬಸ್ಸು ಹತ್ತಿದೆವು. ಸೂಗೂನ ತಲೆಗೆ ಅಪ್ಪ ತನ್ನ ಟವೆಲು ಸುತ್ತಿದ್ದ. ಲಿಂಗಂಪಲ್ಲಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಕೇಳಿ ಕೇಳಿ ಮನೆ ಹುಡುಕಿದೆವು. ಬಾಗಿಲು ತೆರೆದವಳು ಮಾಮನ ಹೆಂಡತಿ, ನಮ್ಮ ಅತ್ತಿ. ನಮ್ಮನ್ನು ನೋಡಿ ಬಾಗಿಲು ಹಿಡಿದುಕೊಂಡೇ ನಿಂತಳು. ಅವಳ ಹಿಂದೆ ಮಾಮ ಬಂದ. ಬನಿಯನ್ನಿನಲ್ಲಿದ್ದ, ಕಿವಿಯ ಪಕ್ಕ ನರೆ ಬಂದಿತ್ತು. ಅವ್ವನ ಮೂಗು ಅವನ ಮುಖದಲ್ಲಿತ್ತು, ಅದನ್ನು ನಾನು ಮರೆತಿದ್ದೆ.

ಅಪ್ಪ ಹೊಸ್ತಿಲಿನ ಹೊರಗೇ ನಿಂತ. “ನಾ ಒಳಗ ಬರಾಂಗಿಲ್ಲ, ಚನ್ನಬಸಪ್ಪ. ನನ್ನ ಮ್ಯಾಲಿನ ಸಿಟ್ಟು ನನ್ನ ಮ್ಯಾಲ ಇರ್ಲಿ. ಹುಡುಗನ್ನ ಒಳಗ ಕರಕೊ,” ಎಂದು ಟವೆಲು ಬಿಚ್ಚಿದ.

ಮಾಮ ಸೂಗೂನ ತಲೆ ನೋಡಿದ. ಹುಣ್ಣುಗಳನ್ನು ನೋಡಿದ. ಕೂದಲು ಎಲ್ಲಿಯವರೆಗೆ ಇಳಿದಿದೆ ನೋಡಿದ. “ಇನ್ನೂ ಇಟ್ಟೀರೇನು?” ಎಂದ.

“ನೀ ಕಡೀಬೇಕಾಗಿತ್ತಲ್ಲ.”

ಒಂದು ಗಾಡಿ ಬಂದು ನಿಂತು ಹೋದ ಸದ್ದಾಯಿತು. ಆಮೇಲೆ ಮಾಮ ಮೆಲ್ಲಗೆ ಕೇಳಿದ: “ಒಂದು ತಾಸು ತಡದಿದ್ರ ಏನಾಗ್ತಿತ್ರಿ, ಮಾವಾ?” ಅಕ್ಕನ ಗಂಡನನ್ನು ಅವನು ಮೊದಲಿನಿಂದ ಹಾಗೇ ಕರೆಯುತ್ತಿದ್ದ.

“ಏನೂ ಆಗ್ತಿರಲಿಲ್ಲ,” ಎಂದ ಅಪ್ಪ. “ನಾಲ್ಕು ಮಂದಿ ಅಂದ್ರು, ನಾ ಹೂಂ ಅಂದೆ. ಯಾಕಂದೆ ಅಂತ ನನಗೂ ಇವತ್ತಿನತನಾ ಗೊತ್ತಾಗಿಲ್ಲ.”

ಇಬ್ಬರೂ ಹೀಗೆ ನಿಂತರೆ ಸಂಜೆಯಾಗುತ್ತದೆ ಎನಿಸಿತು. ನಾನು ನಡುವೆ ಬಾಯಿ ಹಾಕಿದೆ. “ಮಾಮಾ, ಇವನ ಕೂದ್ಲದಾಗ ಕೆಳಗಿನ ಗೇಣು ಅವ್ವ ಬಾಚಿದ್ದಂತ. ಅಪ್ಪಗ ಕಡಿಯಾಕ ಆಗವಲ್ದು.”

ಮಾಮ ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಿದ. ಒಳಗೆ ಹೋದ. ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಬರುವಾಗ ಅವನ ಕೈಯಲ್ಲಿ ಆ ಹಸಿರು ಇಳಕಲ್ ಸೀರೆ ಇತ್ತು. ಮಡಿಕೆಯ ಗೆರೆಗಳು ಬೆಳ್ಳಗಾಗಿದ್ದವು, ನುಸಿಗುಳಿಗೆಯ ವಾಸನೆ ಮನೆಯೆಲ್ಲ ಹರಡಿತು. ಅದನ್ನು ಅತ್ತಿಯ ಕೈಗೆ ಕೊಟ್ಟ. ಜಾವಳದ ಕೂದಲು ನೆಲಕ್ಕೆ ಬೀಳಬಾರದು, ಅತ್ತೆಯಾದವಳು ಸೆರಗಿನಲ್ಲಿ ಹಿಡಿಯಬೇಕು. ಅತ್ತಿ ತನ್ನ ಸೆರಗಿನ ಬದಲು ಆ ಸೀರೆಯನ್ನು ಮಡಿಲಲ್ಲಿ ಹಾಸಿಕೊಂಡು ಕೂತಳು. ಮಾಮ ಚಾಪೆಯ ಮೇಲೆ ಚಕ್ಕಳಮಕ್ಕಳ ಕೂತು ಸೂಗೂನನ್ನು ತೊಡೆಯ ಮೇಲೆ ಎಳೆದುಕೊಂಡ.

“ಒಳಗ ಬರ್ರಿ ಮಾವಾ,” ಎಂದ. “ಎಲ್ಲಿಂದ ಅಕ್ಕಂದು ಅಂತ ನೀವ ತೋರಸಬೇಕು.”

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ಸ್ಕೇಲು ತಂದಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕೂದಲನ್ನು ಒಟ್ಟು ಮಾಡಿ, ಹೆಬ್ಬೆರಳು ತೋರುಬೆರಳಲ್ಲಿ ಒಂದು ಕಡೆ ಒತ್ತಿ ಹಿಡಿದ. “ಇಲ್ಲಿ,” ಎಂದ.

ಮಾಮ ಆ ಗೇಣು ಕೂದಲನ್ನು ಅಂಗೈಯಲ್ಲಿ ತೆಗೆದುಕೊಂಡ. ತನ್ನನ್ನು ಎದುರಿಗೆ ಕೂಡಿಸಿಕೊಂಡು ಎಣ್ಣೆ ಒತ್ತುತ್ತಿದ್ದ ಅಕ್ಕನ ಕೈ ಅವನಿಗೂ ನೆನಪಾಗಿರಬೇಕು. ಅದನ್ನು ಕಣ್ಣಿಗೆ ಒತ್ತಿಕೊಂಡು ಅತ್ತ. ಗಂಡಸರು ಅಳುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅಪ್ಪನ ಬೆರಳು ಒತ್ತಿದಲ್ಲಿಂದ ಅಲ್ಲಾಡಲಿಲ್ಲ. ಅವುಗಳ ಕೆಳಗೆ ಮಾಮ ಕತ್ತರಿ ಇಟ್ಟು ಕತ್ತರಿಸಿದ. ಕೂದಲು ಹಸಿರು ಸೀರೆಯ ಮೇಲೆ ಬಿತ್ತು. ಅತ್ತಿ ನಾಲ್ಕೂ ಕಡೆಯಿಂದ ಮಡಚಿ ಗಂಟು ಕಟ್ಟಿದಳು.

“ಮನೀ ಕತ್ತರಿ ತಾಗಿದ್ದಕ್ಕ ಸೂಗೂರಪ್ಪಗ ತಪ್ಪುಕಾಣಿಕಿ ಹಾಕೂನು,” ಎಂದ ಮಾಮ. “ಇದನ್ನ ಮಾತ್ರ ಅಕ್ಕ ಇದ್ದಲ್ಲೆ ಒಯ್ದು ಮಣ್ಣಾಗ ಇಡೂನು. ಸೀರಿ ಆಕಿದು.” ಆಮೇಲೆ ಕತ್ತರಿಯನ್ನು ಅಪ್ಪನ ಕಡೆ ಚಾಚಿದ. “ಉಳಿದದ್ದು ನೀವು ಬಾಚಿದ್ದು. ನೀವ ಕಡೀರಿ.”

ಅಪ್ಪ ಸೂಗೂನನ್ನು ಅಂಗಳಕ್ಕೆ ಕರೆದೊಯ್ದು ತೆಗೆಯಲು ಶುರುಮಾಡಿದ. ಹುಣ್ಣಿಗೆ ತಾಗದಂತೆ ಒಂದೊಂದೇ ಎಳೆ ಹಿಡಿದು, ಮೊದಲು ಕತ್ತರಿ, ಆಮೇಲೆ ಮಷೀನು. ಎಂದಿನಂತೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ವೀರೂ ಸಹ ನಗಲಿಲ್ಲ. ಕೊನೆಗೆ ಅಪ್ಪ ಕುತ್ತಿಗೆಗೆ ಪೌಡರು ಬಡಿದ. ಅತ್ತಿ ಕನ್ನಡಿ ತಂದು ಹಿಡಿದಳು.

ಎಷ್ಟೋ ಭಾನುವಾರ ಇದಕ್ಕಾಗಿ ಕಾದ ಹುಡುಗ ಕನ್ನಡಿಯಲ್ಲಿ ಒಂದು ಕ್ಷಣ ನೋಡಿಕೊಂಡ. ಆಮೇಲೆ ಅವನ ಕೈ ಹಿಂದಕ್ಕೆ ಹೋಗಿ ಬೆನ್ನ ಮೇಲೆ ಹುಡುಕಾಡಿತು. ಅಲ್ಲಿ ಏನೂ ಇರಲಿಲ್ಲ. ಸೀರೆಯ ಗಂಟು ಒಳಗೆ ಚಾಪೆಯ ಮೇಲಿತ್ತು, ಅವನು ಅದನ್ನು ನೋಡಿದ. ದೊಡ್ಡವರ ಮಾತೆಲ್ಲ ಅವನ ಕಿವಿಗೆ ಬಿದ್ದಿತ್ತು. ಅವ್ವನ ಮುಖವೇ ನೆನಪಿಲ್ಲದ ಹುಡುಗ, ಅವಳದು ತನ್ನ ಹತ್ತಿರ ಏನೋ ಇತ್ತೆಂದು ಅವನಿಗೆ ತಿಳಿದದ್ದೇ ಆ ಬೆಳಿಗ್ಗೆ.

“ಅಪ್ಪಾ,” ಎಂದ. “ಅವ್ವಂದು ತಿರಗಿ ಬರತೈತೇನು?”

ಅಪ್ಪ ಅವನ ಕಿವಿಯ ಹಿಂದೆ ಅಂಟಿದ್ದ ಒಂದೆರಡು ಕೂದಲನ್ನು ಬೆರಳಿನಿಂದ ತೆಗೆದ.

“ಕೂದ್ಲ ಬರತಾವಪಾ,” ಎಂದ. “ಕೂದ್ಲ ಬರತಾವ.” ಆ ಕಡೆ ತಿರುಗಿ ನಿಂತು, ಮಷೀನಿನ ಹಲ್ಲಿನಲ್ಲಿ ಸಿಕ್ಕಿದ್ದನ್ನು ಊದತೊಡಗಿದ.